ಗಂಟೆ ತಪ್ಪದವಳು

ಯಾಸ್ನಾ ಕರೆಸಿದ್ದು ಒಂದು ಗುಂಯ್ ನಿಲ್ಲಿಸಲಿಕ್ಕೆ.
ಅಷ್ಟೇ ಕೆಲಸ. ಅರ್ಧ ದಿನದ್ದು, ಊಟ ಅವಳದು.

ನಾನು ಕೆಯೋನ್ ಬಂದರಿನ ದೋಣಿಗಳಿಗೆ ವೈರು ಎಳೆಯುವವಳು.
ಉಪ್ಪು ತಿಂದು ಹಸಿರಾದ ತಾಮ್ರವನ್ನು
ಇಪ್ಪತ್ತೆರಡು ವರ್ಷ ಕೆರೆದಿದ್ದೇನೆ.
ತಿಮಿಂಗಿಲದ ವಿಷಯ ನನಗೇನು ಗೊತ್ತು?

ದೋನ್ ಆರ್ತೇಮಿಯೊನ ಹಳದಿ ದೋಣಿ.
ಹೊಟ್ಟೆಯಲ್ಲಿ ಹನ್ನೆರಡು ವೋಲ್ಟಿನ ಬ್ಯಾಟರಿ, ನೆತ್ತಿಯ ಮೇಲೆ ಸೋಲಾರ್ ಹಲಗೆ,
ನಡುವೆ ಅಗ್ಗದ ಎರಡು ಡಬ್ಬಿ:
ಒಂದು ಬಿಸಿಲನ್ನು ಬ್ಯಾಟರಿಗೆ ತುಂಬುವುದು,
ಇನ್ನೊಂದು ಹನ್ನೆರಡನ್ನು ಕೊಚ್ಚಿ ಐದು ಮಾಡುವುದು.
ಕೊಚ್ಚುವುದೆಂದರೆ ಕೊಚ್ಚುವುದೇ,
ಸೆಕೆಂಡಿಗೆ ಲಕ್ಷಗಟ್ಟಲೆ ಏಟು.
ಮೂವತ್ತು ಮಾರು ನೀರಿನಡಿ ತೂಗುವ ಮೈಕಿಗೆ
ಆ ಐದು ವೋಲ್ಟೇ ಅನ್ನ.
ಅನ್ನದ ತುಂಬ ಕಲ್ಲು.

ಸ್ಕೋಪು ಹಚ್ಚಿದೆ. ಗೆರೆ ಇರಬೇಕಾದಲ್ಲಿ
ಗರಗಸ.

ಕೊಚ್ಚುವ ಡಬ್ಬಿಯನ್ನು ಕಿತ್ತೆ. ಅದರ ಜಾಗಕ್ಕೆ
ಹಳೇ ಕಾಲದ ಮೂರು ಕಾಲಿನ ರೆಗ್ಯುಲೇಟರ್.
ಅದು ಹೆಚ್ಚಿನ ಏಳು ವೋಲ್ಟನ್ನು ಸುಮ್ಮನೆ ಬಿಸಿ ಮಾಡಿ ಕಳೆಯುತ್ತದೆ,
ದುಂದು, ಆದರೆ ಬಾಯಿ ಬಿಡುವುದಿಲ್ಲ.
ಕೆಪಾಸಿಟರಿನ ಕಾಲು ಕತ್ತರಿಸಿ ಗಿಡ್ಡ ಮಾಡಿದೆ
(ಕಾಲು ಉದ್ದವಾದರೆ ಅದೇ ಆಂಟೆನಾ, ಹೇಳಿದರೆ ಯಾರೂ ಕೇಳುವುದಿಲ್ಲ),
ಹೋಗುವ ವೈರು ಬರುವ ವೈರು ಹೆರಳಿನಂತೆ ಹೆಣೆದೆ,
ಫೆರೈಟ್ ಮಣಿ ಪೋಣಿಸಿದೆ.
ನೆಗೆಟಿವ್ ಮೂರು ಕಡೆ ಎಂಜಿನ್ನಿಗೆ ಕಟ್ಟಿದ್ದರು, ಪುಣ್ಯಾತ್ಮರು.
ಎಲ್ಲ ಬಿಚ್ಚಿ ಒಂದೇ ಬೋಲ್ಟಿಗೆ ತಂದೆ.
ಮೂರು ನೆಲಕ್ಕೆ ಕಾಲಿಟ್ಟವನು ನೆಟ್ಟಗೆ ನಿಂತಾನೆಯೇ?

ನಡುವೆ ಮಿಲ್ಕಾವೊ ತಿಂದೆವು, ಆಲೂಗಡ್ಡೆಯದು, ಬಿಸಿಯಾಗಿತ್ತು.

ಆಮೇಲೆ ಯಾಸ್ನಾ ಹೆಡ್‌ಫೋನ್ ಕೊಟ್ಟಳು.
ಗುಂಯ್ ಇಲ್ಲ. ಅದರ ಹಿಂದೆ ಇದ್ದದ್ದೆಲ್ಲ ಮುಂದೆ ಬಂದಿತ್ತು:
ಎಲ್ಲೋ ಸರಪಳಿ ತಿಕ್ಕುವುದು, ಸೀಗಡಿಗಳ ಚಟಪಟ,
ತಳದಲ್ಲಿ ತೆಳ್ಳನೆ ಒಂದು ಸುಯ್.
ಅದು ರೆಸಿಸ್ಟರಿನ ಸ್ವಂತ ಬಿಸಿಯ ಸದ್ದು.
ಅದನ್ನು ತೆಗೆಯಲು ನನ್ನಿಂದಾಗದು, ಯಾರಿಂದಲೂ.

ಮಧ್ಯಾಹ್ನ ಕಳೆಯಿತು. ಯಾಸ್ನಾ ಕಿವಿ ಬಿಟ್ಟು ಏಳಲಿಲ್ಲ.
"ಈ ಹೊತ್ತಿಗೆ ಬರಬೇಕಿತ್ತು," ಅಂದಳು.

ಶಾಲೆಯ ಮಕ್ಕಳು ಅವಳಿಗೆ ಹೆಸರಿಟ್ಟಿದ್ದರು,
ಲಾ ಪುಂತುವಾಲ್, ಗಂಟೆ ತಪ್ಪದವಳು.
ಹೋದ ಬೇಸಿಗೆ ಏಳು ಸಲ, ಏಳೂ ಸಲ ನಡುಹಗಲಿಗೆ,
ಎದೆಗೂಡಿಗೆ ಕೇಳುವಷ್ಟು ಕೆಳಗಿನ ದನಿ,
ಮೋಡ ಕವಿದರೆ ದುಃಖಪಟ್ಟಂತೆ ಜಾರುವ ದನಿ.
ಶಾಲೆಯ ಗೋಡೆಗೆ ಅವಳ ಚಿತ್ರ, ರೆಪ್ಪೆಯ ಸಮೇತ.

ನಾನು ಬಿಸಿಲಿನ ಡಬ್ಬಿಯ ಮುಚ್ಚಳ ತೆಗೆದು ನೋಡಿದೆ.
ಅದರ ಬಡಿತ ಸೆಕೆಂಡಿಗೆ ತೊಂಬತ್ತಾರು ಸಾವಿರ, ಮೇಲೆ ಹದಿನೆಂಟು.
ರೆಕಾರ್ಡರ್ ಎಣಿಸುವುದು ಸರಿಯಾಗಿ ತೊಂಬತ್ತಾರು ಸಾವಿರ.
ಉಳಿಯಿತಲ್ಲ ಹದಿನೆಂಟು,
ಅಷ್ಟೇ ಅವಳು.

ಹೇಳುವುದೋ ಬೇಡವೋ ಎಂದು ಸ್ಕ್ರೂಗಳನ್ನು ಎರಡು ಸಲ ಎಣಿಸಿದೆ.
ಹೇಳಿದೆ.

ಯಾಸ್ನಾ ಏನೂ ಅನ್ನಲಿಲ್ಲ. ಪುಸ್ತಕ ತೆಗೆದು
ಹನ್ನೊಂದರಲ್ಲಿ ಏಳಕ್ಕೆ ಪೆನ್ಸಿಲ್ ಗೀರು ಹಾಕಿದಳು,
ಅಳಿಸಲು ಬರುವ ಹಾಗೆ, ತೆಳ್ಳಗೆ.
ನಾಲ್ಕು ಉಳಿದವು. ನಾಲ್ಕೂ ರಾತ್ರಿಯವು,
ಹಲಗೆ ಮಲಗಿದ ಮೇಲಿನವು.
ದೋನ್ ಆರ್ತೇಮಿಯೊ ಮಾತ್ರ ಹಗ್ಗ ಸುತ್ತುತ್ತ,
"ನಾನು ಬೆನ್ನು ನೋಡಿದ್ದೇನೆ, ಮಧ್ಯಾಹ್ನವೇ," ಅಂದ.
ಅವನ ದೋಣಿ, ನಾವು ವಾದಿಸಲಿಲ್ಲ.

ದುಡ್ಡು ಎಣಿಸಿ ಕೊಟ್ಟಳು, ಮಾತಾಡಿದಷ್ಟೇ.
ಬಿಸಿಲಿನ ಡಬ್ಬಿಯನ್ನೂ ಬದಲಾಯಿಸಿ, ಹಳೆಯದನ್ನು
ಜೇಬಿಗಿಳಿಸಿಕೊಂಡು ಬಂದೆ.

ಸೋಮವಾರ ಶಾಲೆಯ ಟೀಚರಮ್ಮ ಬಂದಿದ್ದರು.
ಮಕ್ಕಳಿಗೆ ತೋರಿಸುವುದಕ್ಕಂತೆ. ಕೇಳಿದರು:
ಅದು ಈಗಲೂ ಹಾಡುತ್ತದೆಯೇ?

ಕಿಟಕಿಯ ಕಡೆ ನೋಡಿದೆ. ಮೋಡ ಇತ್ತು.
ಸ್ವಲ್ಪ ಕೂತಿರಿ, ಅಂದೆ.